ನಮ್ಮನಿಯಾಕಿ ಹುಚ್ಚು

ತುಕ್ಕಾನಟ್ಟಿಯ ಸೋಮಪ್ಪನಿಗೆ ದೇವರೆಂದರೆ ಒಬ್ಬರಲ್ಲ. ಕೊರಳಲ್ಲಿ ಲಿಂಗವಿತ್ತು, ದಿನಾ ತಪ್ಪದ ಪೂಜೆಯೂ ಇತ್ತು. ಆದರೆ ಬಾವಿಯ ಮೋಟರಿನ ಗುಂಡಿ ಒತ್ತುವ ಮೊದಲು, "ಯವ್ವಾ, ಎಬ್ಬಸ್ತೇನಿ, ಸಿಟ್ಟಾಗಬ್ಯಾಡ," ಎಂದು ಗಂಗವ್ವನಿಗೆ ಹೇಳಿಯೇ ಒತ್ತುವನು. ಬದುವಿನ ದ್ಯಾಮವ್ವ ಮುಂಗೋಪಿ, ಆಕೆಯ ಎದುರು ದನಿ ಎತ್ತುವ ಹಾಗಿಲ್ಲ. ಬನ್ನಿಗಿಡದ ಬುಡದಲ್ಲಿರುವ ಐದು ಕಲ್ಲು ಹೊಲ ಕಾಯುವ ಪಾಂಡವರು. ಅವರ ಬೆನ್ನ ಹಿಂದಿನ ಆರನೆಯದು ಕಳ್ಳ. ಅವನಿಗೂ ಉಣ್ಣಲು ಇಡಬೇಕು, ಉಂಡ ಹೊಲದಲ್ಲಿ ಅವನು ಕದಿಯಲಾರ. "ಎಲ್ಲಾ ಶಿವನ ಅಲ್ಲೇನಪಾ?" ಎಂದು ಯಾರಾದರೂ ಕೇಳಿದರೆ, "ಇರಬಹುದು. ಆದ್ರ ಒಂದ ಮನ್ಯಾಗ ಇದ್ದಾರಂತ ಅವ್ವನ್ನ ಕಾಕಾ ಅಂತ ಕರ್ಯಾಕ ಬರ್ತೈತೇನು?" ಎನ್ನುವನು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವನು, ಅದಕ್ಕಿಂತ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಈ ಸಲದ ಎಳ್ಳಮಾವಾಸ್ಯೆಗೆ ಹುಕ್ಕೇರಿಯಿಂದ ಬೀಗ ರಾಜಪ್ಪ ಬಂದ. ಮಗಳು ದಾಕ್ಷಾಯಿಣಿಯ ಮಾವ, ರಿಟೈರಾದ ಮಾಸ್ತರ, ಶ್ರಾವಣದಲ್ಲಿ ಮಠದಲ್ಲಿ ವಚನದ ಮೇಲೆ ಮಾತಾಡುವವ. ಹೊಲದಲ್ಲಿ ಸೋಮಪ್ಪನ ಹೆಂಡತಿ ಕಾಶೆವ್ವ ಸುಣ್ಣ ಹಚ್ಚಿದ ಕಲ್ಲುಗಳ ಮುಂದೆ ಎಡೆ ಇಡುತ್ತಿದ್ದಳು.

"ಏನ್ರಿ ಬೀಗರ," ಎಂದ ರಾಜಪ್ಪ, "ಕೊರಳಾಗ ಒಬ್ಬಾಂವ, ನೆಲದಾಗ ಆರ ಮಂದಿ! ನಿಮ್ಮ ದೇವರಿಗೆ ಒಂದ ರೇಶನ್ ಕಾರ್ಡ ಮಾಡಸಬೇಕ ನೋಡ್ರಿ."

ಬಾಜೂ ಹೊಲದವರು ಗೊಳ್ಳೆಂದರು. ಸೋಮಪ್ಪನ ಕಿವಿ ಬಿಸಿಯಾದವು. ಯೋಚಿಸುವ ಮೊದಲೇ ಮಾತು ಜಾರಿತು. "ನಂದೇನ ಇಲ್ಲರಿ. ಇದೆಲ್ಲಾ ನಮ್ಮನಿಯಾಕಿ ಹುಚ್ಚು."

ಕಾಶೆವ್ವನ ಕೈ ಕಡುಬಿನ ಬುಟ್ಟಿಯಲ್ಲೇ ನಿಂತಿತು. ಮೂಡಲಗಿಯ ಅವಳ ತವರಿನಲ್ಲಿ ಲಿಂಗಪೂಜೆ ಬಿಟ್ಟರೆ ಬೇರೇನೂ ಇರಲಿಲ್ಲ. ಮದುವೆಯಾದ ವರ್ಷ ಇದೇ ಬನ್ನಿಗಿಡದ ಕೆಳಗೆ, "ಇಂವ ಧರ್ಮ, ಇಂವ ಭೀಮ, ಹಿಂದಿನಾಂವ ಕಳ್ಳ, ಅವಗ ಒಂದ ಕಡಬು ಜಾಸ್ತಿ ಇಡು," ಎಂದು ಕೈ ಹಿಡಿದು ತೋರಿಸಿದವನು ಸೋಮಪ್ಪನೇ.

"ಅಕ್ಕಾರ, ಹಂಗಾರ ಇವತ್ತಿಗೆ ಇದನ್ನ ಬಿಟ್ಟಬಿಡ್ರಿ," ಎಂದ ರಾಜಪ್ಪ.

"ಆತ್ರಿ ಅಣ್ಣಾರ."

ಗಂಡನ ಕಡೆ ಅವಳು ನೋಡಲಿಲ್ಲ. ಇಟ್ಟ ಎಡೆಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕತೊಡಗಿದಳು. ಪಂಕ್ತಿಗೆ ಕೂತವರನ್ನು ರಟ್ಟೆ ಹಿಡಿದು ಎಬ್ಬಿಸುವುದನ್ನು ಕಂಡಂತಾಯಿತು ಸೋಮಪ್ಪನಿಗೆ. ನಾಲ್ಕನೆಯ ಎಡೆ ಎತ್ತುವಾಗ ತಡೆಯಲಾಗಲಿಲ್ಲ.

"ಬೀಗರ, ಸುಳ್ಳ ಹೇಳ್ದೆ. ಹುಚ್ಚು ಆಕೀದಲ್ಲ, ನಂದು. ಆಕಿಗೆ ಕಲಿಸಿದಾಂವನೂ ನಾನ."

ರಾಜಪ್ಪ ಅವನ ಬೆನ್ನು ತಟ್ಟಿದ. "ನೋಡ್ರೆಪಾ, ಹೆಂಡ್ತಿ ಮಾರಿ ಸಣ್ಣದಾತಂತ ತಪ್ಪು ತನ್ನ ಮ್ಯಾಲ ಎಳಕೊಂಡ! ಗಂಡ ಅಂದ್ರ ಹಿಂಗಿರಬೇಕ."

"ಖರೇನ ಹೇಳಾಕತ್ತೇನ್ರಿ..."

"ಇರ್ಲಿ ಬಿಡ್ರಿ, ತಿಳೀತು," ಎಂದು ರಾಜಪ್ಪ ಕಣ್ಣು ಹೊಡೆದ. ಸುತ್ತಲಿನವರು ಹೌದು ಹೌದೆಂದರು. ಬೈದಿದ್ದರೆ ಸೋಮಪ್ಪ ನುಂಗಿಕೊಳ್ಳುತ್ತಿದ್ದ, ಈ ಹೊಗಳಿಕೆ ಗಂಟಲಲ್ಲೇ ಸಿಕ್ಕಿಕೊಂಡಿತು.

ಕಾಶೆವ್ವ ಬುಟ್ಟಿ ತಂದು ಅವನ ಕಾಲ ಬಳಿ ಇಟ್ಟಳು. "ನಿಮ್ಮ ಮಂದಿ. ನೀವ ನೀಡ್ರಿ."

ನೀಡಿದ. ಪ್ರತಿ ವರ್ಷ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದವನಿಗೆ ಇಂದು ಭೀಮನ ಹೆಸರೂ ನಾಲಿಗೆಗೆ ಬರಲಿಲ್ಲ. ಉಳಿದುದನ್ನು ಕಲಸಿಕೊಂಡು ಜೋಳದ ಸಾಲಿನಲ್ಲಿ ಚರಗ ಚೆಲ್ಲಲು ಇಳಿದ. ಚೆಲ್ಲುವವನು "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವಳು "ಸಲಾಂಬ್ರಿಗ್ಯೋ" ಎಂದು ಓಗೊಡಬೇಕು. ಹಾಗೆ ಇಬ್ಬರೂ ಕರೆದರೇನೇ ಭೂಮಿತಾಯಿ ಉಣ್ಣುವುದು.

ಸೋಮಪ್ಪ ಕೂಗಿದ. ಹಿಂದೆ ಕಾಶೆವ್ವ ಚಿಮುಕಿಸಿದ ನೀರಿನ ಸಪ್ಪಳವಷ್ಟೇ ಕೇಳಿತು. ಮತ್ತೆ ಕೂಗಿದ. ಮತ್ತೆ ನೀರು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೊನೆಯ ಸಾಲು ಬಂದಾಗ, ಅವಳು ಅನ್ನಬೇಕಾದದ್ದನ್ನೂ ತಾನೇ ಅಂದ.