ನನಗೂ ಕೇಳಿಸಿತು

ನನ್ನ ಸೋದರಮಾವ ಪಿಯಾನೋಗಳಿಗೆ ಶ್ರುತಿ ಮಾಡುವವರು. ನಲವತ್ತು ವರ್ಷದಿಂದ ಅದೇ ಕೆಲಸ. ನಾನು ಕಟ್ಟಡಗಳಿಗೆ ಇಂಟರ್‌ನೆಟ್ ಕೇಬಲ್ ಎಳೆಯುವವನು. ಚಿಕ್ಕಂದಿನಲ್ಲಿ ಅವರು ತಮ್ಮ ವಿದ್ಯೆಯನ್ನು ನನಗೂ ಕಲಿಸಲು ನೋಡಿದ್ದರು. ಎರಡು ತಂತಿ ಮೀಟಿ "ಯಾವುದು ಮೇಲಿದೆ ಹೇಳು" ಎಂದು ಕಾಯುತ್ತಿದ್ದರು. ನಾನು ತಪ್ಪೇ ಹೇಳುತ್ತಿದ್ದೆ. ಬಾಯಿಗೆ ಬಂದದ್ದು ಹೇಳಿದರೂ ಅರ್ಧ ಸಲವಾದರೂ ಸರಿಯಾಗಬೇಕಿತ್ತು, ನನ್ನ ಹಣೆಬರಹಕ್ಕೆ ಅದೂ ಆಗಲಿಲ್ಲ. ಕೊನೆಗೆ ಮಾವ ಕೈಮುಗಿದುಬಿಟ್ಟರು.

"ನಿನಗಿರೋದು ಕಿವಿಯಲ್ಲ ಕಣೋ, ಕನ್ನಡಕ ಸಿಗಿಸೋ ಮೊಳೆ."

ಅಂದಿನಿಂದ ನೆಂಟರ ನಡುವೆ ನನ್ನ ಹೆಸರು ಮೊಳೆ. ಎಲ್ಲರ ಜೊತೆ ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಮಾತ್ರ ಚುಚ್ಚುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಇದೊಂದೇ ಕಾರಣ. ದಯೆ ಗಿಯೆ ಏನೂ ಅಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾವನ ಫೋನ್ ಬಂತು. ಅವರ ಮನೆಯಲ್ಲಿ ಇಂಟರ್‌ನೆಟ್ಟಿನಿಂದ ಸಂಗೀತ ಕೇಳಿಸುವ ಪೆಟ್ಟಿಗೆಯನ್ನು ನಾನೇ ಕೂರಿಸಿಕೊಟ್ಟಿದ್ದೆ.

"ನಿನ್ನೆಯಿಂದ ಸಂಗೀತದ ಹಿಂದೆ ಕುಂಯ್ ಅಂತ ಒಂದು ಸದ್ದು ಕಣೋ. ನಿನ್ನ ಕೇಬಲ್ಲಿನದೇ ಕಿತಾಪತಿ ಇರಬೇಕು. ಬಂದು ನೋಡು."

ಹೋದೆ. ಅವರು ತಮ್ಮ ಕುರ್ಚಿಯಲ್ಲಿ ಕೂತು ಒಂದು ಪಿಯಾನೋ ವಾದನ ಹಾಕಿದರು. ಎರಡು ಸ್ವರಗಳ ನಡುವೆ ಬೆರಳೆತ್ತಿ, "ಹಾಂ, ಇಲ್ಲಿ. ಕೇಳಿಸ್ತಾ?" ಎಂದರು. ನಾನು ಸ್ಪೀಕರಿಗೆ ಕಿವಿ ಅಂಟಿಸಿದೆ. ಏನೂ ಇರಲಿಲ್ಲ. ಇನ್ನೊಮ್ಮೆ ಹಾಕಿದರು. ಆಗಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ನಿಂತು, "ಅವನಿಗೆಲ್ಲಿ ಕೇಳಿಸಬೇಕು, ಮೊಳೆಗೆ" ಎಂದು ನಕ್ಕರು.

"ನನಗೂ ಕೇಳಿಸಿತು" ಎಂದೆ.

ಮಾವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಕೇಳಿಸಿತಾ? ನಿಜವಾಗ್ಲೂ? ನೋಡೇ, ಹುಡುಗನಿಗೆ ಕಿವಿ ಬಂತು!" ಎಂದು ಬೆನ್ನು ತಟ್ಟಿದರು. ನಲವತ್ತೆರಡು ವರ್ಷದ ಹುಡುಗ ನಾನು, ಉಬ್ಬಿಹೋದೆ.

ಕೇಳಿಸಿತು ಎಂದ ಮೇಲೆ ಮದ್ದು ಹೇಳದಿದ್ದರೆ ಹೇಗೆ? ತಾಮ್ರದ ತಂತಿಯಲ್ಲಿ ಸಂಗೀತದ ಜೊತೆ ಕರೆಂಟಿನ ಗಲೀಜೂ ಹರಿದು ಬರುತ್ತದೆ, ನಡುವೆ ಒಂದಿಷ್ಟು ದೂರ ಗಾಜಿನೆಳೆಯ ಫೈಬರ್ ಹಾಕಿದರೆ ಆ ಕಡೆಯಿಂದ ಈ ಕಡೆಗೆ ಬೆಳಕು ಮಾತ್ರ ದಾಟುತ್ತದೆ, ಗಲೀಜು ಅಲ್ಲೇ ನಿಲ್ಲುತ್ತದೆ ಎಂದು ವಿವರಿಸಿದೆ. ಇದು ಸುಳ್ಳಲ್ಲ. ಇದರಿಂದ ಮನೆಯ ಸಂಗೀತ ತಿಳಿಯಾಗುತ್ತದೆ ಎಂದು ಆಣೆ ಹಾಕುವವರೂ ಇದ್ದಾರೆ, ಹೊಟ್ಟೆ ಹಿಡಿದು ನಗುವವರೂ ಇದ್ದಾರೆ. ಮಾವನಿಗೆ ವಿಚಾರ ಬಹಳ ಹಿಡಿಸಿತು. "ಬೆಳಕಿಗೆ ಶ್ರುತಿ ತಪ್ಪೋದಿಲ್ಲ ಅನ್ನು" ಎಂದರು.

ಬುಧವಾರ ಎರಡು ಪುಟ್ಟ ಡಬ್ಬಿ ತಂದೆ. ಒಂದು ಕರೆಂಟನ್ನು ಬೆಳಕು ಮಾಡುತ್ತದೆ, ಇನ್ನೊಂದು ಬೆಳಕನ್ನು ಮತ್ತೆ ಕರೆಂಟು ಮಾಡುತ್ತದೆ. ನಡುವೆ ಹಳದಿ ಫೈಬರನ್ನು ಗೋಡೆಯಂಚಿಗೆ ಎಳೆದು, ಮಡಿಕೆ ಬೀಳದಂತೆ ಮೂಲೆಯಲ್ಲಿ ದುಂಡಗೆ ತಿರುಗಿಸಿದೆ. ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ನನ್ನತ್ತ ಯಾರೂ ಬೆರಳು ತೋರಿಸುವಂತಿಲ್ಲ. ಮಾವ ಸಂಗೀತ ಹಾಕಿ ಕೇಳಿದರು. "ಕಡಿಮೆಯಾಗಿದೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅಲ್ವಾ?" ಎಂದು ನನ್ನನ್ನೇ ಕೇಳಿದರು.

"ಹೌದು ಮಾವ, ಮುಕ್ಕಾಲು ಪಾಲು ಹೋಯ್ತು."

ಮುಂದಿನ ಸೋಮವಾರ ಮತ್ತೆ ಫೋನ್. ಸದ್ದು ಹೆಚ್ಚಾಗಿದೆಯಂತೆ. ಹೋದಾಗ ಅವರ ಕುರ್ಚಿ ಬೇರೆ ಕಡೆಗೆ ತಿರುಗಿತ್ತು, ಬಲಗಿವಿ ಸ್ಪೀಕರಿನತ್ತ. ಅತ್ತೆ, "ಇತ್ತೀಚೆಗೆ ನನ್ನ ಮಾತು ಕಿವಿ ಮೇಲೆ ಹಾಕ್ಕೊಳ್ಳೋದೇ ಇಲ್ಲ, ಎರಡೆರಡು ಸಲ ಕೂಗಬೇಕು" ಎಂದು ಗೊಣಗಿದರು. ಗಂಡಂದಿರ ಮೇಲಿನ ಮಾಮೂಲಿ ದೂರು ಎಂದುಕೊಂಡು ನಕ್ಕೆ.

ಡಬ್ಬಿಯ ಅಡಾಪ್ಟರ್ ಬದಲಿಸೋಣವೆಂದು ನೆಲದ ಮೇಲೆ ಮಲಗಿ, ಕಪಾಟಿನ ಹಿಂದೆ ಕೈ ಹಾಕಿ, ಎಲ್ಲದರ ವೈರು ಸೇರುವ ದೊಡ್ಡ ಪ್ಲಗ್ಗನ್ನೇ ಕಿತ್ತೆ. ಪೆಟ್ಟಿಗೆ, ಸ್ಪೀಕರು, ಡಬ್ಬಿಗಳು ಎಲ್ಲವೂ ಸತ್ತವು. ಮಾವ ಮೊದಲೇ ಸಂಗೀತ ನಿಲ್ಲಿಸಿ ಕಣ್ಣು ಮುಚ್ಚಿ ಕೂತಿದ್ದರು.

"ಈಗಲೂ ಇದೆ ಕಣೋ" ಎಂದರು. "ಸಣ್ಣಗೆ. ಕುಂಯ್ ಅಂತ."

ಪ್ಲಗ್ಗು ನನ್ನ ಕೈಯಲ್ಲಿತ್ತು.

ಸದ್ದು ಇರುವುದು ತಂತಿಯಲ್ಲಲ್ಲ, ಅವರ ಕಿವಿಯಲ್ಲಿ ಎಂದು ನನಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನಿರುತ್ತದೆ ಎಂಬುದೂ ಗೊತ್ತಾಯಿತು. ವಯಸ್ಸಾಗಿದೆ, ದಣಿವಿರಬೇಕು, ತಾನಾಗಿ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅಡಾಪ್ಟರ್ ಬದಲಿಸಿ ಪ್ಲಗ್ಗು ಸಿಕ್ಕಿಸಿದೆ. "ಅಡಾಪ್ಟರ್ ಹೊಸದು, ನಾಲ್ಕು ದಿನ ಓಡಲಿ, ಸರಿಹೋಗುತ್ತೆ" ಎಂದು ಹೇಳಿ ಮನೆಗೆ ಬಂದೆ. ಆಮೇಲೆ ಅವರ ಎರಡು ಫೋನ್ ಬಂದವು. ಕೆಲಸದಲ್ಲಿದ್ದೇನೆ ಎಂದು ತೆಗೆಯಲಿಲ್ಲ.

ಐದು ವಾರ ಕಳೆಯಿತು. ಒಂದು ಸಂಗೀತ ಶಾಲೆಯವರು, ಶ್ರುತಿ ಮಾಡಿಹೋದ ಪಿಯಾನೋದ ಮೇಲಿನ ಸ್ವರಗಳು ಸರಿಯಿಲ್ಲವೆಂದು ಮಾವನನ್ನು ವಾಪಸ್ ಕರೆಸಿದರು. ಹೋಗಿ ಮಾಡಿ ಬಂದರು. ಮತ್ತೆ ಕರೆಸಿದರು. ನಲವತ್ತು ವರ್ಷದಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ. ಅವತ್ತು ಅವರು ಊಟ ಮಾಡಲಿಲ್ಲವಂತೆ. ಮರುದಿನ ಅತ್ತೆ ಹಟ ಹಿಡಿದು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೊರಟರು, ಕಾರು ಓಡಿಸಲು ನನ್ನನ್ನು ಕರೆದರು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಮೆಲ್ಲಗೆ, ನೇರ. ಪರೀಕ್ಷೆಯ ಹಾಳೆ ತೋರಿಸಿದರು. ಎಡಗಿವಿಯ ಗೆರೆ ಕೆಳಕ್ಕೆ ಜಾರಿತ್ತು.

"ಒಳಗಿನ ನರಕ್ಕೆ ಇದ್ದಕ್ಕಿದ್ದ ಹಾಗೆ ಪೆಟ್ಟು ಬಿದ್ದಿದೆ. ಕುಂಯ್ ಅನ್ನೋದು ಅದರದೇ ಲಕ್ಷಣ. ಮೊದಲ ಎರಡು ವಾರದೊಳಗೆ ಬಂದಿದ್ರೆ ಔಷಧಿಯಿಂದ ಪ್ರಯತ್ನ ಮಾಡಬಹುದಿತ್ತು. ಪೂರ್ತಿ ವಾಪಸ್ ಬರ್ತಿತ್ತು ಅಂತ ಹೇಳೋಕಾಗಲ್ಲ. ಈಗ ತಡವಾಗಿದೆ. ಯಾಕೆ ಬರಲಿಲ್ಲ?"

ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಪ್ಲಗ್ಗು ನನ್ನ ಕೈಯಲ್ಲಿದ್ದದ್ದು ಹತ್ತನೆಯ ದಿನ.

"ಕೇಬಲ್ಲಿನ ಸದ್ದು ಅಂದ್ಕೊಂಡಿದ್ವಿ ಡಾಕ್ಟ್ರೇ" ಎಂದರು ಮಾವ. "ನನಗೊಬ್ಬನಿಗೇ ಆಗಿದ್ರೆ ಅನುಮಾನ ಬರ್ತಿತ್ತು. ಇವನಿಗೂ ಕೇಳಿಸಿತ್ತು." ಅಷ್ಟು ಹೇಳಿದವರು ಒಮ್ಮೆಲೇ ಗಾಬರಿಯಾಗಿ ನನ್ನ ತೋಳು ಹಿಡಿದರು. "ಅಯ್ಯೋ, ಇವನಿಗೂ ಅದೇ ಆಗಿರಬಹುದಾ? ಒಂದೇ ರಕ್ತ ನೋಡಿ. ಡಾಕ್ಟ್ರೇ, ನನ್ನದು ಬಿಡಿ, ಇವನದು ಈಗಲೇ ನೋಡಿಬಿಡಿ. ಇವನಿಗಾದ್ರೂ ತಡವಾಗದೇ ಇರಲಿ."

"ಬೇಡ ಮಾವ, ನನಗೇನೂ ಇಲ್ಲ."

"ಬಾಯಿ ಮುಚ್ಚು. ಹೋಗಿ ಕೂತ್ಕೋ."

ಹೊರಗಿನ ಸದ್ದು ಒಳಗೆ ಬಾರದ ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಎಷ್ಟೇ ಸಣ್ಣದಿರಲಿ, ಕೇಳಿದಾಗ ಒತ್ತಬೇಕು. ಮೊದಲ ಸದ್ದು ಬಂತು. ನಾನು ಒತ್ತಲಿಲ್ಲ. ಹೀಗೇ ಸುಮ್ಮನೆ ಕೂತರೆ ಸಾಕು, ನನ್ನ ಕಿವಿಯೂ ಕೆಟ್ಟಿದೆ ಎಂದು ಹಾಳೆಯೇ ಹೇಳುತ್ತದೆ, ನನ್ನ ಸುಳ್ಳು ಯಾರಿಗೂ ತಿಳಿಯುವುದಿಲ್ಲ. ಎರಡನೆಯದು ಬಂತು, ಮೂರನೆಯದೂ ಬಂತು. ಥೂ, ಎಂಥ ಮನುಷ್ಯ ನಾನು. ತಲೆಯೆತ್ತಿದರೆ ಗಾಜಿನಾಚೆ ಮಾವ ನನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದರು. ತಂತಿ ಮೀಟಿ ನನ್ನ ಉತ್ತರಕ್ಕೆ ಕಾಯುತ್ತಿದ್ದಾಗಲೂ ಅವರ ಮುಖ ಹೀಗೇ ಇರುತ್ತಿತ್ತು.

ಆಮೇಲೆ ಬಂದ ಪ್ರತಿ ಸದ್ದಿಗೂ ಒತ್ತಿದೆ. ಬಿಟ್ಟಿದ್ದ ಮೂರನ್ನು ಮತ್ತೆ ಕೇಳಿಸಿದಾಗ ಅವಕ್ಕೂ ಒತ್ತಿದೆ.

ಡಾಕ್ಟರು ನನ್ನ ಹಾಳೆಯನ್ನು ಮಾವನ ಹಾಳೆಯ ಪಕ್ಕಕ್ಕಿಟ್ಟರು. "ಇವರ ಕಿವಿ ಚೆನ್ನಾಗಿದೆ. ಎರಡೂ."

"ಸದ್ಯ!" ಎಂದು ಮಾವ ಉಸಿರು ಬಿಟ್ಟರು. ಅತ್ತೆಯತ್ತ ನೋಡಿ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಎರಡು ಹಾಳೆಗಳನ್ನೂ ಮತ್ತೆ ನೋಡಿದರು.

"ಹಾಗಾದ್ರೆ ಅವತ್ತು ನಿನಗೆ ಕೇಳಿಸಿದ್ದು ಏನು?"

"ಏನೂ ಕೇಳಿಸಿರಲಿಲ್ಲ ಮಾವ. ಸುಳ್ಳು ಹೇಳಿದೆ."

ಅತ್ತೆ ನನ್ನತ್ತ ತಿರುಗಿದರು. ಮಾವ ಮಾತ್ರ ಹಣೆ ಸುಕ್ಕು ಮಾಡಿ, "ಏನಂದೆ?" ಎಂದರು.

ನಾನು ಕೂತಿದ್ದದ್ದು ಅವರ ಎಡಗಡೆ. ಎದ್ದು, ಅವರ ಕುರ್ಚಿಯನ್ನು ಬಳಸಿಕೊಂಡು ಬಲಗಡೆಗೆ ಬಂದು, ಅದನ್ನೇ ಇನ್ನೊಮ್ಮೆ ಹೇಳಿದೆ.