ತೊಟ್ಟಿಯ ಮೀನು, ಗೆರಸೆಯ ಬೀಡಿ

ಹಿತ್ತಿಲಿಗೆ ಆ ಮೀನಿನ ತೊಟ್ಟಿ ಬಂದಂದಿನಿಂದ ವಾರಿಜಾಕ್ಷಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಲೆ, ಹೊಗೆಸೊಪ್ಪಿನ ಪುಡಿ ಹರಡಿದ ಗೆರಸೆಯನ್ನು ಮಡಿಲಲ್ಲಿಟ್ಟು ನಾಲ್ಕು ಬೀಡಿ ಕಟ್ಟುವಳು, ಎದ್ದು ಹಿತ್ತಿಲಿಗೆ ಓಡುವಳು. ಪಂಪು ಓಡುತ್ತಿದೆಯೇ, ನೀರು ಇಳಿಯುತ್ತಿದೆಯೇ, ಮೀನು ತಳದಲ್ಲಿದೆಯೇ, ಮೇಲೆ ಬಂದಿದೆಯೇ ಎಂದು ಬಗ್ಗಿ ನೋಡಿ ಬಂದು ಕೂರುವಳು. ಕೂತ ನೆಲ ಬಿಸಿಯಾಗುವ ಮೊದಲೇ ಮತ್ತೆ ಏಳುವಳು.

"ಹೆತ್ತ ಮಗುವನ್ನೂ ಯಾರೂ ಇಷ್ಟು ಸಲ ಎದ್ದು ನೋಡುವುದಿಲ್ಲ," ಎಂದಳು ಅತ್ತೆ ಅಮ್ಮಣಿ, ಬೀಡಿಯ ಎಲೆ ಕತ್ತರಿಸುತ್ತಾ.

"ಮಗು ಅತ್ತರೆ ಕೇಳ್ತದೆ ಅಮ್ಮ, ಮೀನು ಅತ್ತರೆ ಕೇಳ್ತದಾ?" ಎಂದು ಪಕ್ಕದ ಮನೆಯ ಹಫ್ಸ ನಕ್ಕಳು. ಅವಳೂ ದಿನಾ ತನ್ನ ಗೆರಸೆ ಹೊತ್ತು ಇದೇ ಚಾವಡಿಗೆ ಬಂದು ಕೂರುವವಳು. ವಿಟ್ಲದ ಹೊರಗಿನ ಆ ಗುಡ್ಡೆಯ ಮನೆಗಳಲ್ಲಿ ಬೀಡಿ ಕಟ್ಟುವುದೆಂದರೆ ಬರೀ ದುಡಿಮೆಯಲ್ಲ, ಊರಿನ ಸುದ್ದಿಗೆಲ್ಲ ಅದೇ ಕೂಟ.

ವಾರಿಜಾಕ್ಷಿ ಮದುವೆಯಾಗಿ ಬಂದ ವಾರವೇ ಅತ್ತೆ ಅವಳ ಮಡಿಲಿಗೆ ಗೆರಸೆ ಇಟ್ಟಿದ್ದಳು. ಅಂದಿನಿಂದ ಇಂದಿನವರೆಗೆ ಮನೆ ನಡೆದದ್ದು ಅರ್ಧ ಗಂಡ ಚಿದಾನಂದನ ಆಟೋದಲ್ಲಿ, ಅರ್ಧ ಇವರಿಬ್ಬರ ಬೀಡಿಯಲ್ಲಿ. ಈಚೆಗೆ ಅವಳಿಗೊಂದು ಒಣಕೆಮ್ಮು ಹಿಡಿದು, ಮಳೆ ಬಿಟ್ಟರೂ ಅದು ಬಿಟ್ಟಿರಲಿಲ್ಲ. ಆ ಹೊತ್ತಿಗೇ ಮೂಡಬಿದಿರೆಯಲ್ಲಿ ಗಂಡನ ನೆಂಟ ಜಯಪ್ರಕಾಶನ ಹಿತ್ತಿಲು ನೋಡಿ ಬಂದದ್ದು. ಅಲ್ಲಿ ಕೆಳಗೆ ಮೀನು, ಮೇಲೆ ಜಲ್ಲಿಕಲ್ಲಿನಲ್ಲಿ ತರಕಾರಿ, ಮಣ್ಣೇ ಇಲ್ಲ. ಮೀನಿನ ನೀರನ್ನು ಪಂಪು ಮೇಲಕ್ಕೆ ಎತ್ತುತ್ತದೆ, ಗಿಡ ತನಗೆ ಬೇಕಾದ್ದನ್ನು ಕುಡಿಯುತ್ತದೆ, ತಿಳಿನೀರು ಪುನಃ ಮೀನಿಗೆ ಇಳಿಯುತ್ತದೆ. ಅದನ್ನು ಕಂಡು ಬಂದವಳಿಗೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ.

ಚಿದಾನಂದ ಆಟೋದಲ್ಲಿ ನೀಲಿ ಡ್ರಮ್ಮು ತಂದು ಉದ್ದಕ್ಕೆ ಸೀಳಿಕೊಟ್ಟ. ತೊಟ್ಟಿಯ ಪಕ್ಕ ಕೆಂಪುಕಲ್ಲು ಪೇರಿಸಿ, ಅದರ ಮೇಲೆ ಸೀಳಿದ ಡ್ರಮ್ಮು ಕೂರಿಸಿ, ಜಲ್ಲಿ ತೊಳೆದು ತುಂಬಿದ್ದೆಲ್ಲ ಅವಳೇ. ಮೊದಲ ದಿನ ನೀರು ತೊಟ್ಟಿಗೆ ಇಳಿಯುವ ಬದಲು ಅಡಿಗೆಮನೆಗೆ ಇಳಿಯಿತು. ಪೈಪು ಕಿತ್ತು ಮತ್ತೆ ಜೋಡಿಸಿದಳು.

"ಅತ್ತಿಗೆ, ಮೊದಲು ಬರೀ ನೀರು ಓಡಿಸಿ," ಎಂದಿದ್ದ ಜಯಪ್ರಕಾಶ. "ಕಲ್ಲಿಗೆ ಲೋಳೆ ಹಿಡೀಬೇಕು. ಮೀನಿನ ಕೊಳೆಯನ್ನು ಗಿಡಕ್ಕೆ ಊಟ ಮಾಡಿಕೊಡುವುದು ಆ ಲೋಳೆಯೇ. ಗಡಿಬಿಡಿ ಮಾಡಿದ್ರೆ ಮೀನು ಸಾಯ್ತದೆ. ಮತ್ತೆ, ಗಿಡಕ್ಕೆ ಮದ್ದು ಹೊಡೀಲೇಬೇಡಿ."

ಲೋಳೆ ಹಿಡಿಯುವವರೆಗೆ ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿ ಅವಳ ಬೆರಳೇ ಸವೆಯಿತೆನ್ನಬೇಕು. ಕೊನೆಗೂ ತಿಲಾಪಿಯಾ ಮರಿಗಳು ಬಂದವು. ಕಲ್ಲಿನ ನಡುವೆ ಹರಿವೆ ಮೊಳೆಯಿತು, ಅಲಸಂಡೆ ಬಳ್ಳಿ ಹಗ್ಗ ಹಿಡಿದು ಹತ್ತಿತು. ಆಗ ವಾರಿಜಾಕ್ಷಿ ಚಾವಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಳು: "ಈ ಮೀನು ಅಂಗೈಯಷ್ಟಾಗಿ ಮಾರಿಹೋದ ದಿನ ನನ್ನ ಗೆರಸೆ ಅಟ್ಟಕ್ಕೆ."

"ಹಾಕು, ಹಾಕು. ಇಳಿಸುವಾಗ ಏಣಿ ಹಿಡಿಲಿಕ್ಕೆ ನಾನಿದ್ದೇನೆ," ಎಂದಳು ಅಮ್ಮಣಿ.

ಮಾತು ಬಾಯಿಂದ ಬಿದ್ದಮೇಲೆ ಅವಳಿಗೆ ಇನ್ನಷ್ಟು ಚಡಪಡಿಕೆ. ಮೀನು ಬೆಳೆಯುವುದು ಮೀನಿನ ಲೆಕ್ಕದಲ್ಲಿ, ಕೆಮ್ಮು ಬೆಳೆಯುವುದು ಅದರ ಲೆಕ್ಕದಲ್ಲಿ.

ಮೀನು ಅರ್ಧ ಅಂಗೈಯಷ್ಟಾದ ಹೊತ್ತಿಗೆ ಅಲಸಂಡೆಯ ಕುಡಿಗೆ ಹೇನು ಬಿತ್ತು. ಬೆಳಿಗ್ಗೆ ನೋಡಿದರೆ ಕುಡಿಯೆಲ್ಲ ಮಸಿ ಬಳಿದ ಹಾಗೆ ಕಪ್ಪು. ಬೆರಳಲ್ಲಿ ಒರೆಸಿದಳು, ನೀರು ಎರಚಿದಳು. ಮಧ್ಯಾಹ್ನಕ್ಕೆ ಹೂವಿಗೂ ಹತ್ತಿತ್ತು. ಮದ್ದು ಹೊಡೆಯುವ ಹಾಗಿಲ್ಲ. ಗೆರಸೆಯ ಮುಂದೆ ಬಂದು ಕೂತಾಗ ಅವಳ ಕಣ್ಣು ಹೊಗೆಸೊಪ್ಪಿನ ಪುಡಿಯ ಮೇಲೆ ಬಿತ್ತು. ಬೀಡಿ ಕಟ್ಟುವ ಯಾವ ಮನೆಯಲ್ಲಿ ಅಲಸಂಡೆಗೆ ಹೇನು ನಿಲ್ಲುತ್ತದೆ? ಗುಡಿಸಿದ ಪುಡಿಯನ್ನು ಬಳ್ಳಿಗೆ ಎರಚುವುದು ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಅದೇನು ಅಂಗಡಿಯ ಮದ್ದಲ್ಲ, ವಿಷದ ಬಾಟಲಿಯಲ್ಲ. ದಿನಾ ಮಡಿಲಲ್ಲಿಟ್ಟುಕೊಂಡು ಅದೇ ಕೈಯಲ್ಲಿ ಎಲೆಯಡಿಕೆ ಹಾಕಿಕೊಳ್ಳುವ ವಸ್ತು.

ಎರಡು ಹಿಡಿ ತೆಗೆದುಕೊಂಡು ಹೋಗಿ ಕುಡಿಗೂ ಬುಡಕ್ಕೂ ಧಾರಾಳವಾಗಿ ಎರಚಿ ಬಂದಳು. ಎಷ್ಟೋ ದಿನಗಳ ಮೇಲೆ ಅಂದು ಮನಸ್ಸು ತಣ್ಣಗಾಗಿ, ಒಂದು ಕಟ್ಟು ಬೀಡಿ ಮುಗಿಯುವವರೆಗೂ ಕದಲದೆ ಕೂತಳು.

ಎದ್ದು ಹೋಗಿ ನೋಡಿದರೆ ಮೀನುಗಳು ನೀರಿನ ಮೇಲೆ ಬುಗುರಿಯ ಹಾಗೆ ಸುತ್ತುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲೆ ಮಾಡಿದ್ದವು.

"ಹಫ್ಸಾ! ಬಾ, ಓಡಿ ಬಾ!"

ಕರೆಂಟು ಇತ್ತು, ಪಂಪು ಓಡುತ್ತಿತ್ತು. ವಾರಿಜಾಕ್ಷಿ ತಿರುಗಿ ಅತ್ತೆಯ ಮೇಲೆ ಬಿದ್ದಳು. "ನೀವು ಇವತ್ತೂ ಅನ್ನ ಹಾಕಿದಿರಾ? ಎಷ್ಟು ಸಲ ಹೇಳಿದ್ದೇನೆ, ಅನ್ನ ಕೊಳೆತು ನೀರು ಕೆಡ್ತದೆ ಅಂತ!"

"ಮೊನ್ನೆ ನಾಲ್ಕು ಅಗುಳು ಹಾಕಿದ್ದು ಹೌದು," ಎಂದಳು ಅಮ್ಮಣಿ. ಅವಳ ತವರು ಬೆಳ್ತಂಗಡಿಯ ಕಡೆ. ಶಿಶಿಲದ ಹೊಳೆಯಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಬೆಳೆದ ಕೈ, ಮೀನು ಕಂಡರೆ ಸುಮ್ಮನಿರದು. "ಇವತ್ತು ನಾನು ಆ ಕಡೆ ತಲೆಯೇ ಹಾಕಲಿಲ್ಲ. ಆಣೆ ಹಾಕ್ಬೇಕಾ?"

ವಾರಿಜಾಕ್ಷಿ ಜಯಪ್ರಕಾಶನಿಗೆ ಫೋನು ಮಾಡಿದಳು.

"ಅತ್ತಿಗೆ, ಗಿಡಕ್ಕೆ ಮದ್ದು ಏನಾದ್ರೂ ಹೊಡೆದಿರಾ?"

"ದೇವರಾಣೆಗೂ ಇಲ್ಲ."

"ಹಾಗಾದ್ರೆ ನನಗೆ ಗೊತ್ತಾಗುವುದಿಲ್ಲ. ಮೊದಲು ಬದುಕಿದ್ದನ್ನು ಬೇರೆ ನೀರಿಗೆ ಹಾಕಿ."

ಇವರು ಬಾವಿಯಿಂದ ನೀರೆಳೆದು ಹಂಡೆಗೆ ಸುರಿಯುತ್ತಿರುವಾಗ ಮೀನು ಮಾರುವ ನಿಝಾರನ ಸ್ಕೂಟರು ಹಾರ್ನು ಹೊಡೆಯುತ್ತಾ ಬಂತು. ಕಡಲ ಮೀನು ಮಾರುವವನು ತೊಟ್ಟಿಯ ಮೀನನ್ನು ದಿನಾ ಹಾಸ್ಯ ಮಾಡುತ್ತಿದ್ದರೂ, ದೊಡ್ಡದಾದರೆ ಫರಂಗಿಪೇಟೆಯ ಹೋಟೆಲಿಗೆ ಒಯ್ದು ಕೊಡುತ್ತೇನೆಂದು ಒಪ್ಪಿದ್ದ. ಗಲಾಟೆ ಕೇಳಿ ಹಿತ್ತಿಲಿಗೆ ಬಂದವನು ಬಗ್ಗಿ ನೋಡಿ ಮೂಗು ಮುಚ್ಚಿದ.

"ಎಂತ ಇದು ವಾರಿಜಕ್ಕ, ತೊಟ್ಟಿಯ ಒಳಗೆ ಕೂತು ಬೀಡಿ ಕಟ್ತೀರಾ? ನೀರು ಹೊಗೆಸೊಪ್ಪು ನಾರ್ತದೆ!"

"ನಮಗೆ ಎಂತದೂ ನಾರುವುದಿಲ್ಲ," ಎಂದಳು ಹಫ್ಸ.

"ನಿಮಗೆ ಹೇಗೆ ಗೊತ್ತಾಗಬೇಕು? ನಾನು ಬಸ್ಸು ಹತ್ತಿದ್ರೆ ಪಕ್ಕದವ ಎದ್ದು ಹೋಗ್ತಾನೆ. ನನಗೆ ಬೂತಾಯಿ ಮೀನಿನ ವಾಸನೆ ಬರ್ತದಾ?"

ವಾರಿಜಾಕ್ಷಿ ಡ್ರಮ್ಮಿನ ಕಡೆ ನೋಡಿದಳು. ಪಂಪಿನ ನೀರು ಅಲಸಂಡೆಯ ಬುಡ ತೊಳೆದು, ಕಲ್ಲಿನ ಸಂದಿಯಲ್ಲಿ ಹಾದು, ಪೈಪಿನಲ್ಲಿ ಹಾಲು ಹಾಕದ ಕಣ್ಣುಚಹದ ಹಾಗೆ ಕೆಂಪಗೆ ಇಳಿಯುತ್ತಿತ್ತು. ಅವಳು ಓಡಿ ಹೋಗಿ ಪಂಪಿನ ವಯರು ಕಿತ್ತಳು. ಆಮೇಲೆ ಅಲ್ಲೇ ನಿಂತಳು.

"ನಾನೇ ಹಾಕಿದ್ದು," ಎಂದಳು. "ಅತ್ತೆ, ನಾನೇ. ಹೇನಿಗೆ ಅಂತ ಎರಡು ಹಿಡಿ ಪುಡಿ."

ಅಮ್ಮಣಿ ಸತ್ತ ಮೀನೊಂದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಎರಡು ಹಿಡಿಗೆ ಇಷ್ಟಾ?" ಎಂದಳು.

"ನಾವು ಮೀನಿಗಿಂತ ಗಟ್ಟಿ ಅಮ್ಮ," ಎಂದು ಹಫ್ಸ ನಗಲು ನೋಡಿದಳು. ಯಾರೂ ನಗಲಿಲ್ಲ, ಅವಳ ನಗುವೂ ಅರ್ಧದಲ್ಲಿ ನಿಂತಿತು.

ಹಂಡೆಯಲ್ಲಿ ಉಳಿದವು ಕೆಲವೇ. ಅವು ಸಂಜೆಯ ಹೊತ್ತಿಗೆ ನೆಟ್ಟಗೆ ಈಜತೊಡಗಿದವು. ವಾರಿಜಾಕ್ಷಿ ಕಲ್ಲನ್ನೆಲ್ಲ ಹೊರಗೆ ಸುರಿದು ತೊಳೆದಳು. ಅಷ್ಟು ಕಾದು ಹಿಡಿಸಿದ ಲೋಳೆ ಪುಡಿಯ ಜೊತೆ ಕೊಚ್ಚಿಹೋಯಿತು; ಮತ್ತೆ ಮೊದಲಿಂದ. ತೊಳೆಯುತ್ತಲೇ ಚಾವಡಿಯ ಕಡೆ ನೋಡಿದಳು. ಗಾಳಿ ಬೀಸಿದರೆ ಗೆರಸೆಯ ಪುಡಿ ಹಾರುವುದು ಹಿತ್ತಿಲಿಗೇ. ತಾನು ದಿನಾ ಬೀಡಿ ಬಿಟ್ಟು ಓಡಿಬಂದು ತೊಟ್ಟಿಗೆ ಅದ್ದುತ್ತಿದ್ದದ್ದೂ ಇದೇ ಕೈ.

"ನಾನು ಬೀಡಿ ಬಿಡ್ತೇನೆ," ಎಂದಳು ಮರುದಿನ ಬೆಳಿಗ್ಗೆ, ಗಂಜಿಯ ಮುಂದೆ.

ಚಿದಾನಂದ ತಲೆ ಎತ್ತಿ ತಾಯಿಯ ಮುಖ ನೋಡಿದ.

"ಮೀನು ಮಾರಿದ ಮೇಲೆ ಅಲ್ವಾ ನೀನು ಹೇಳಿದ್ದು?" ಎಂದಳು ಅಮ್ಮಣಿ. "ಈಗ ಮಾರಲಿಕ್ಕೆ ಎಂತ ಉಂಟು?"

"ನಾನು ಹೇಳಿದ್ದೇ ತಲೆಕೆಳಗು ಅತ್ತೆ. ಬೀಡಿ ಬಿಡದೆ ಮೀನು ಆಗುವುದಿಲ್ಲ."

"ಅಷ್ಟರವರೆಗೆ ಒಲೆಗೆ ಎಂತ ಇಡುವುದು?"

ವಾರಿಜಾಕ್ಷಿ ಎದ್ದು ಹೋಗಿ ಹಂಡೆಯ ಮೀನಿಗೆ ನೀರು ಎತ್ತಿ ಹೊಯ್ದು ಬಂದಳು. ಗಂಜಿ ಆರುತ್ತಾ ಹೋಯಿತು. ಅಮ್ಮಣಿ ಕೈತೊಳೆದು ಒಳಗೆ ಹೋದಳು, ತನ್ನ ಗೆರಸೆ, ಕತ್ತರಿ, ಎಲೆಯ ಗಂಟು ಎಲ್ಲ ಒಟ್ಟುಮಾಡಿ ಕಂಕುಳಿಗೇರಿಸಿಕೊಂಡು ಬಂದಳು.

"ನಾನು ಹಫ್ಸನ ಚಾವಡಿಗೆ ಹೋಗ್ತೇನೆ. ನನಗೆ ಈ ಪ್ರಾಯದಲ್ಲಿ ಬೇರೆ ಎಂತ ಬರ್ತದೆ? ಸಂಜೆ ಮಿಂದೇ ಒಳಗೆ ಬರ್ತೇನೆ, ನಿನ್ನ ಮೀನಿಗೆ ಈಗ ಮಡಿ ಉಂಟಲ್ಲ."

ಬೇಲಿಯಾಚೆ ಹಫ್ಸ ಚಾಪೆ ಹಾಸುತ್ತಿದ್ದಳು. "ಬನ್ನಿ ಅಮ್ಮ, ಬನ್ನಿ. ವಾರಿಜಕ್ಕ, ನೀನು ಅಲ್ಲಿಂದಲೇ ಸುದ್ದಿ ಹೇಳು, ನಾವು ಇಲ್ಲಿಂದ ಕೇಳ್ತೇವೆ!" ಎಂದು ಕೂಗಿದಳು. ಸ್ವರ ಮಾತ್ರ ಎಂದಿನಂತಿರಲಿಲ್ಲ.

ವಾರಿಜಾಕ್ಷಿ ಉಳಿದ ಹೊಗೆಸೊಪ್ಪನ್ನೂ ಕತ್ತರಿಸದ ಎಲೆಯನ್ನೂ ಚೀಲಕ್ಕೆ ತುಂಬಿ ಎಲೆ, ಸೊಪ್ಪು ಕೊಟ್ಟು ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿಗೆ ನಡೆದಳು. ಕಟ್ಟದ ಸೊಪ್ಪು ಹಾಗೇ ವಾಪಸು ಬಂದದ್ದು ಕಂಡು ಅಲ್ಲಿಯವನು ಎಲೆ ಬಿಡಿಸಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ.

"ಎಲೆ ಸರಿ ಉಂಟಲ್ಲ ವಾರಿಜಕ್ಕ? ಎಂತ ಕಂಪ್ಲೇಂಟು?"

"ಕಂಪ್ಲೇಂಟು ಎಂತ ಇಲ್ಲ. ನನ್ನ ಹೆಸರು ತೆಗೀರಿ. ಮನೆಯಲ್ಲಿ ಮೀನು ಉಂಟು."

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಹಂಡೆಯಲ್ಲಿಟ್ಟ ಮೀನಿಗೆ ಆಗಾಗ ನೀರು ಎತ್ತಿ ಹೊಯ್ಯುತ್ತಿರಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ಮನೆಯಲ್ಲಿ ಹೊಯ್ಯುವವರು ಯಾರೂ ಇರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡೆಯ ದಾರಿಯಲ್ಲಿ ಅರ್ಧ ನಡೆದಳು, ಅರ್ಧ ಓಡಿದಳು.