ನೀರಿನ ಬಾಜೂಕ

೨೦೨೫ರ ಫೆಬ್ರುವರಿ ೧೧, ಬೆಳಿಗ್ಗೆ ಒಂಬತ್ತು ನಲವತ್ತು. ತುಕ್ಕಾನಟ್ಟಿಯ ಮನೆಕಟ್ಟೆಯ ಮೇಲೆ ವಿಭೂತಿ ಹಚ್ಚಿ ಕೂರಿಸಿದ್ದ, ತೀರಿಕೊಂಡ ಹೆಂಡತಿ ಗೌರವ್ವನ ಬಲಪಾದಕ್ಕೆ ಸೋಮಪ್ಪ ಜೋಳದ ದಂಟು ಹಿಡಿದ. ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದ. ಸತ್ತವರ ಕುಣಿಯನ್ನು ಅವರ ಪಾದದಿಂದಲೇ ಅಳೆಯುವುದು ರೂಢಿ.

"ಹಿರ್ಯಾರ ಗೋರಿ ಹತ್ರ ತೋಡಸ್ತೇನಪ್ಪಾ," ಎಂದು ಮಗ ಶಿವಾನಂದ ದಂಟಿಗೆ ಕೈಚಾಚಿದ.

"ಬ್ಯಾಡ. ನಮ್ಮ ಹೊಲದ ಹೊಂಡದ ಬಾಜೂಕ."

"ಅಲ್ಲಿ ನೆಲ ಹಸಿ ಐತಿ. ಅವ್ವನ್ನ ನೀರಾಗ ಕುಂಡ್ರಸ್ತೀಯೇನ?"

ನೆರೆಮನೆಯ ಶೆಟ್ಟೆವ್ವ ಮೂಗು ಒರೆಸಿಕೊಂಡಳು. "ಕೇಳೋ ಶಿವಾನಂದ. ಅರಮನ್ಯಾಗ ಮಲಗಿ ಬಂದಾಕಿ ಆಕಿ. ನಮ್ಮಂಗ ಎಲ್ಲಿ ಬೇಕಲ್ಲಿ ಕುಂಡ್ರತಾಳೇನ?"

ಅಳುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಸೋಮಪ್ಪ ದಂಟು ಬಿಟ್ಟುಕೊಡಲಿಲ್ಲ.

*

ಹದಿನಾಲ್ಕು ವರ್ಷದ ಹಿಂದೆ ಹನಿ ನೀರಾವರಿ ಪೈಪಿನ ಕಂಪನಿಯ ಲಕ್ಕಿ ಡ್ರಾದಲ್ಲಿ ಸೋಮಪ್ಪನ ಚೀಟಿ ಎದ್ದಿತ್ತು. ಉದಯಪುರದ ಕೆರೆದಂಡೆಯ ಹಳೆಯ ಅರಮನೆ, ಈಗ ಭಾರಿ ಹೋಟೆಲು; ಅಲ್ಲಿ ಗಂಡ ಹೆಂಡತಿಗೆ ಒಂದು ರಾತ್ರಿಯ ವಾಸ. ಗೌರವ್ವ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋದಳು. ಸ್ನಾನವಾದೊಡನೆ ಇಳಕಲ್ ಸೀರೆ ಹಿಂಡಿ, ಜಗಲಿಯ ಕೆತ್ತನೆಯ ಕಟಕಟೆಯ ಮೇಲೆ ಉದ್ದಕ್ಕೂ ಹರವಿದಳು. ದೋಣಿಯಲ್ಲಿದ್ದವರು ಅದರ ಫೋಟೊ ತೆಗೆಯತೊಡಗಿದರು. ರುಮಾಲಿನ ನೌಕರ ಓಡಿಬಂದು ಕೈಮುಗಿದ.

"ನೀರಿನ ಬಾಜೂಕ ಇದ್ದು ಸೀರಿ ಒಣಹಾಕಬಾರದಂದ್ರ, ಕಟ್ಟಿದ ರಾಜಾಗ ಬುದ್ಧಿ ಇಲ್ಲ ಬಿಡ್ರಿ," ಎಂದಳು ಗಂಡನಿಗೆ.

ಮೆತ್ತನೆಯ ಹಾಸಿಗೆ ಒಗ್ಗದೆ ಬಾಗಿಲ ಬಳಿ ಚಾದರ ಹಾಸಿ ಮಲಗಿದಳು. ಬೆಳಗಾದಾಗ ಅಲ್ಲಿಂದ ಕೆರೆಯ ಅಂಚಿನವರೆಗೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆದಳು.

"ಹದಿನೆಂಟ ಪಾದ. ಊರಾಗ ಹೊಂಡ ತೋಡಸ್ತೇನಿ ಅಂದೀರಲ್ಲ, ಅದೂ ಮನಿಗೆ ಇಷ್ಟ ಹತ್ರ ಇರ್ಲಿ."

ಸೋಮಪ್ಪ ಹೂಂ ಎಂದಿದ್ದ. ಆದರೆ ಮಳೆನೀರು ಇಳಿಜಾರನ್ನೇ ಹುಡುಕುತ್ತದೆ. ಹೊಂಡ ಹೊಲದ ಕೊನೆಗೆ ಹೋಯಿತು. "ನಿಮ್ಮ ಮಾತ ಒಂದ ಕಡೆ, ನೀರ ಒಂದ ಕಡೆ," ಎಂದು ಅವಳು ಕೊನೆಯವರೆಗೂ ಚುಚ್ಚಿದಳು.

*

ಹೊಂಡದ ಅಂಚಿನಿಂದ ಸೋಮಪ್ಪ ಹದಿನೆಂಟು ದಂಟು ಅಳೆದು ಕೊಟ್ಟಲ್ಲಿ ಕುಣಿ ತೋಡುವ ಮಾಯಪ್ಪ ಅಗೆಯತೊಡಗಿದ. ಸೊಂಟದುದ್ದ ಇಳಿಯುವಷ್ಟರಲ್ಲಿ ನಿಂತ.

"ಯಜಮಾನ್ರ, ನೀರ ಒಸರಾಕತ್ತೈತ್ರಿ."

ಸೋಮಪ್ಪ ಕುಣಿಯೊಳಗೆ ಇಣುಕಿದ. ತಳ ಹೊಳೆಯುತ್ತಿತ್ತು. ದಂಟನ್ನು ಮಗನ ಕೈಗಿಟ್ಟು, ಹಿರಿಯರ ಗೋರಿಗಳ ಕಡೆ ಹೊರಟ.

"ನಿಲ್ಲಪ್ಪಾ," ಎಂದ ಶಿವಾನಂದ. ದಂಟು ಹಿಡಿದು ತಾನೇ ಆ ಕುಣಿಯಿಂದ ಹಿಂದಕ್ಕೆ, ನೀರಿನಿಂದ ದೂರ ಅಳೆಯುತ್ತ ಹೋದ. ಒಂದೊಂದು ಕಡೆ ಹಾರೆಯಿಂದ ಕುತ್ತಿ, ಮಣ್ಣು ಹಿಂಡಿ ನೋಡಿದ. ಕೊನೆಗೆ ಮುಷ್ಟಿಯ ಮಣ್ಣು ಪುಡಿಯಾಗಿ ಉದುರಿತು. "ಮಾಯಪ್ಪಣ್ಣಾ, ಇಲ್ಲಿ ತೋಡು."

ಇಳಿಹೊತ್ತಿಗೆ ಗೌರವ್ವನನ್ನು ಕುಣಿಯ ಗೂಡಿನೊಳಗೆ ಹೊಂಡಕ್ಕೆ ಮುಖಮಾಡಿ ಕೂರಿಸಿ, ಬಿಲ್ವಪತ್ರೆ ತುಂಬಿ, ಎಲ್ಲರೂ ಮಣ್ಣು ಕೊಟ್ಟರು. ಸೊಸೆ ನಂದಾ ಅತ್ತೆಯ ಸೀರೆ ಹಿಂಡಿ ಹೊಂಡದ ತಂತಿಬೇಲಿಯ ಮೇಲೆ ಉದ್ದಕ್ಕೂ ಹರವಿದಳು.

ಜನ ಕೈಕಾಲು ತೊಳೆದು ಹೋದ ಮೇಲೆ ಸೋಮಪ್ಪ ಮಗನಿಂದ ದಂಟು ಇಸಿದುಕೊಂಡು ಬಗ್ಗಿ, ಗೋರಿಯ ಹಸಿಮಣ್ಣಿನ ಅಂಚಿನಿಂದ ನೀರಿನವರೆಗೆ ಇಡುತ್ತ ಹೋದ.

ಇಪ್ಪತ್ತಮೂರು ಪಾದ.